ಅರ್ಧಣ್ಣ

ಸೊಂಟದಿಂದ ಕೆಳಗೆ ಏನೂ ಇಲ್ಲದವನನ್ನು
ಯೂರಿಯಾ ಚೀಲದಲ್ಲಿ ತುಂಬಿಕೊಂಡು
ಕೋಣಂದೂರಿನಲ್ಲಿ ಎಂಟೂಕಾಲರ ಬಸ್ಸು ಹತ್ತಿದೆ.
ಕಂಡಕ್ಟರ್ ಚೀಲದ ಬಾಯಿ ಬಿಡಿಸಿ ನೋಡಿ
ಬೆಚ್ಚಿ, ಆಮೇಲೆ ನಕ್ಕು,
'ಇವರಿಗೆ ಅರ್ಧ ಟಿಕೆಟ್ ಆಗ್ತದೆ ಸಿಸ್ಟರ್' ಎಂದ.
ಹೆಸರು ಬಿದ್ದದ್ದು ಆ ಬಸ್ಸಿನಲ್ಲೇ: ಅರ್ಧಣ್ಣ.

ಕಲ್ಲುಕೊಪ್ಪದ ಹೈಸ್ಕೂಲು, ಒಂಬತ್ತನೇ ಕ್ಲಾಸು.
ಬೆಂಚು ಗೋಡೆಗೆ ಸರಿಸಿ, ಜಮಖಾನ ಹಾಸಿ
ಅವನನ್ನು ಮಲಗಿಸಿದರೆ
ಹುಡುಗಿಯರು ದುಪಟ್ಟಾದೊಳಗೆ ನಕ್ಕರು,
ಹುಡುಗರು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು.
ನಗಲಿ. ಹದಿನಾಲ್ಕು ವರ್ಷಕ್ಕೆ
ಎದೆ ಎನ್ನುವ ಪದವೇ ಕಚಗುಳಿ.

ಮೊದಲು, ಮರೆಯಬೇಕಾದ್ದನ್ನು ಹೇಳಿದೆ.
ಫಿಟ್ಸ್ ಬಂದವರ ಮುಷ್ಟಿಗೆ ಬೀಗದ ಕೈ ತುರುಕಬೇಡಿ,
ಮಗ್ಗುಲಿಗೆ ಹೊರಳಿಸಿ.
ಸುಟ್ಟಲ್ಲಿಗೆ ಪೇಸ್ಟ್ ಬೇಡ, ನಲ್ಲಿ ನೀರು, ಇಪ್ಪತ್ತು ನಿಮಿಷ.
ಹಾವಿಗೆ ಬ್ಲೇಡೂ ಬೇಡ, ಹಗ್ಗವೂ ಬೇಡ,
ಕಚ್ಚಿಸಿಕೊಂಡವರನ್ನು ನಡೆಸದೆ, ಹೊತ್ತು, ಸೀದಾ ಆಸ್ಪತ್ರೆಗೆ.
'ನಮ್ಮಜ್ಜ ಬೇರು ಕೊಡ್ತಾರೆ' ಎಂದಳು ಲವಿನಾ.
ಕೊಡಲಿ, ಆಸ್ಪತ್ರೆಯಿಂದ ವಾಪಸು ಬಂದ ಮೇಲೆ.
ಯಾರೂ ಬರೆದುಕೊಳ್ಳಲಿಲ್ಲ. ಪರೀಕ್ಷೆಗೆ ಬರುವುದಿಲ್ಲವಲ್ಲ.

ಆಮೇಲೆ ಅಂಗೈ ಮೇಲೆ ಅಂಗೈ,
ಎದೆಯ ನಟ್ಟನಡುವೆ, ಮೊಣಕೈ ಮಡಿಸದೆ,
ಎರಡಿಂಚು ಕೆಳಗೆ.
ಸರಿಯಾಗಿ ಒತ್ತಿದರೆ ಅರ್ಧಣ್ಣನೊಳಗೊಂದು ಸ್ಪ್ರಿಂಗು
ಟಕ್ ಅನ್ನುತ್ತದೆ.
ಸಬೀಹಾ ಒತ್ತಿದಳು, ಸದ್ದಿಲ್ಲ.
ಕಬಡ್ಡಿ ಕ್ಯಾಪ್ಟನ್ ಒತ್ತಿದ, ಟಕ್, ಟಕ್,
ಅಷ್ಟಕ್ಕೇ ಉಸಿರು ಹತ್ತಿದ್ದು ಅವನಿಗೆ.
ಹಿಂದಿನ ಸಾಲಿನಿಂದ ಟೀಕೇಶ ಎದ್ದು ಬಂದ,
ಶಾಲೆ ಬಿಟ್ಟ ಮೇಲೆ ಮಾವನ ಪಂಕ್ಚರ್ ಅಂಗಡಿಯಲ್ಲಿ
ಪಂಪು ಹೊಡೆಯುವವನು,
ಉಗುರಿನ ಸಂದಿಯಲ್ಲಿ ಒಣಗಿದ ಸೊಲ್ಯೂಷನ್ನು.
ಅವನಿಗೆ ಯಾರೂ ಹೇಳಬೇಕಿರಲಿಲ್ಲ,
ಒತ್ತಿದಷ್ಟೇ ಮುಖ್ಯ ಮೇಲಕ್ಕೆ ಬಿಡುವುದು ಎಂದು,
ಬರಿದಾದದ್ದು ತುಂಬಲು ಪುರುಸೊತ್ತು ಬೇಕು ಎಂದು.
ಟಕ್ ಟಕ್ ಟಕ್,
ಗೋಡೆಯ ಗಡಿಯಾರಕ್ಕೆ ಹತ್ತಿರ ಹತ್ತಿರ ದುಪ್ಪಟ್ಟು.
ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

'ಎಷ್ಟು ಹೊತ್ತು ಒತ್ತಬೇಕು?'
ಆಂಬುಲೆನ್ಸ್ ಬರುವ ತನಕ.
'ನಮ್ಮ ಕಡೆ ಅದು ಬರೋದು ಎಂತ, ಮುಕ್ಕಾಲು ಗಂಟೆಗೆ.'
ಕೈ ಸೋತರೆ ಪಕ್ಕದವರಿಗೆ ಕೊಡು.
'ಪಕ್ಕ ಯಾರೂ ಇಲ್ದಿದ್ರೆ?'
ಬ್ಯಾಗಿನಲ್ಲಿ ಹತ್ತಿ ಹುಡುಕುತ್ತಾ
ನಾನು ಕೇಳಿಸದವಳಂತಿದ್ದೆ.

ಫೆಬ್ರವರಿಯ ಒಂದು ಸಂಜೆ.
ಗ್ಯಾಸ್ ಸ್ಟೌ ರಿಪೇರಿಗೆ ಊರೂರು ಸುತ್ತುವವನೊಬ್ಬ
ಪಂಕ್ಚರ್ ಅಂಗಡಿಯೆದುರು ಸೈಕಲ್ಲಿನಿಂದ ಇಳಿದು
ಸ್ಟ್ಯಾಂಡ್ ಹಾಕುವ ಮೊದಲೇ ಕುಸಿದ.
ಬರ್ನರು, ವಾಷರು ರಸ್ತೆ ತುಂಬ.
ಜನ ಸೇರಿದರು. ನೀರು ಎಂದರು, ಈರುಳ್ಳಿ ಎಂದರು,
ಫೋನು ಎತ್ತಿ ಹಿಡಿದರು.
ಇಪ್ಪತ್ತಾರು ನಿಮಿಷ, ಸೈರನ್ ಕೇಳುವ ತನಕ,
ಒತ್ತಿದ್ದು ಒಬ್ಬನೇ.

ರಾತ್ರಿ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಿದ್ದ.
ಮಂಡಿಯ ಚರ್ಮ ಡಾಂಬರಿಗೆ ಕಿತ್ತುಬಂದದ್ದನ್ನು
ಅವನಿನ್ನೂ ನೋಡಿಕೊಂಡಿರಲಿಲ್ಲ.
ತೊಳೆದೆ, ಅಯೋಡಿನ್ ಹಚ್ಚಿದೆ. ಉರಿಗೂ ಮುಖ ಕಿವುಚಲಿಲ್ಲ.
'ಟಕ್ ಅನ್ಲೇ ಇಲ್ಲ ಸಿಸ್ಟರ್.
ನಾನು ಸಾಕಷ್ಟು ಒತ್ತಲಿಲ್ವಾ?'

ಮನುಷ್ಯರೊಳಗೆ ಸ್ಪ್ರಿಂಗಿಲ್ಲ ಎಂದು
ಆವತ್ತು ನಾನು ಹೇಳಿರಲಿಲ್ಲ.
ಮೂವತ್ತು ಮಕ್ಕಳು, ಒಂದು ಪೀರಿಯಡ್ಡು, ಹೊರಡುವ ಬಸ್ಸು.
ನೆಟ್ಟಗೆ ಒತ್ತಿದರೂ ಹೆಚ್ಚಿನವರು ಏಳುವುದಿಲ್ಲ ಎನ್ನುವುದನ್ನು
ಹದಿನಾಲ್ಕರ ಮುಖ ನೋಡಿ ಹೇಳುವ ಬಾಯಿ
ನನಗೆ ಯಾವ ಟ್ರೇನಿಂಗಿನಲ್ಲೂ ಕೊಟ್ಟಿರಲಿಲ್ಲ.
ಚಹಾ ಮಾಡಿದೆ.
ಲೋಟವನ್ನು ಅವನು
ಅಂಗೈ ಮೇಲೆ ಅಂಗೈ ಇಟ್ಟೇ ಹಿಡಿದ.

ಈ ಶನಿವಾರ ಎಂಟನೇ ಕ್ಲಾಸು.
ಚೀಲ ಹೊತ್ತದ್ದು ಅವನು.
ನಾನು ಮಾತು ಶುರುಮಾಡುವ ಮೊದಲೇ
ಜಮಖಾನದ ಮೇಲೆ ಮಂಡಿಯೂರಿ,
'ಇಲ್ಲಿ ಟಕ್ ಅಂತದೆ. ಅಲ್ಲಿ ಅನ್ನಲ್ಲ.
ಆದ್ರೂ ಬಿಡಬಾರದು' ಎಂದ.
ಯಾರೋ ಕಿಸಕ್ಕನೆ ನಕ್ಕರು. ನಗಲಿ.

ಬೆಲ್ಲು ಹೊಡೆದು ಕೊಠಡಿ ಬರಿದಾದ ಮೇಲೆ
ಒದ್ದೆ ಹತ್ತಿಯಲ್ಲಿ ಅರ್ಧಣ್ಣನ ತುಟಿ ಒರೆಸುತ್ತಿದ್ದ,
ಮಗುವಿಗೆ ಊಟ ಮಾಡಿಸಿದವರ ಹಾಗೆ,
ಕಟಬಾಯಿಯನ್ನೂ ಬಿಡದೆ.