ಅದೇ ಫುಟ್‌ಬೋರ್ಡು

ಹಂಪನಕಟ್ಟೆಯ ಹಿಂಬದಿ, ಮೆಟ್ಟಿಲ ಅಡಿಯಲ್ಲಿ
ಒಂದು ಪ್ರಿಂಟರು, ಒಂದು ಫ್ಯಾನು, ಮಿಸ್ರಿಯಾ.
ಪುಟಕ್ಕೆ ನಲವತ್ತು, ತಿದ್ದಿಸಿದರೆ ಮೇಲೆ ಹತ್ತು.

'ಹೆಸರು?'
ಉಮಾನಾಥ ಸಪಲ್ಯ.
'ಕೆಲಸ ಮಾಡಿದ್ದು ಎಲ್ಲೆಲ್ಲಿ? ಇಸವಿ ಪ್ರಕಾರ ಹೇಳಿ.'

ಹೇಳಿದೆ.
ಮೊದಲು ಸೈಂಟ್ ರೀಟಾ. ಆಮೇಲೆ ಶ್ರೀ ವನದುರ್ಗಾ.
ಆಮೇಲೆ ನೂರ್. ಮತ್ತೆ ಎರಡು ವರ್ಷ ಸಾಗರಿಕಾ.
ಕೊನೆಗೆ ಪುನಃ ರೀಟಾ, ಆದರೆ ಧಣಿ ಬೇರೆ.
ನಡುವೆ ಹದಿನಾಲ್ಕು ತಿಂಗಳು
ಏನೂ ಇಲ್ಲ.

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು.
ಓದಿದೆ. ನಾನೇ ಧಣಿಯಾಗಿದ್ದರೆ
ಈ ಮನುಷ್ಯನಿಗೆ ಕೆಲಸ ಕೊಡುತ್ತಿರಲಿಲ್ಲ.
ಎಲ್ಲಿಯೂ ಕಾಲೂರದ ಗಿರಾಕಿ.

ಬಸ್ಸು ಒಂದೇ, ಮಾರಾಯ್ತಿ, ಎಂದೆ.
ಮಾರಿದರು, ಕೊಂಡರು, ಮತ್ತೆ ಮಾರಿದರು.
ಎದುರು ಗಾಜಿನ ಹೆಸರು ಕೆರೆದು ಬೇರೆ ಬರೆಸಿದರು.
ಮಲ್ಲಿಗೆ ಚೆಂಡು ತೂಗುವ ಮೊಳೆ ಅದೇ,
ಎಡಬದಿ ಮೂರನೇ ಸೀಟಿನ ಹರಿದ ರೆಕ್ಸಿನ್ ಅದೇ,
ಇಪ್ಪತ್ತೊಂದು ವರ್ಷ ನಾನು ನಿಂತದ್ದು
ಅದೇ ಫುಟ್‌ಬೋರ್ಡಿನ ಮೇಲೆ.
ಬಿಟ್ಟು ಹೋದವರು ಅವರು.

ಮಿಸ್ರಿಯಾ ಬೆರಳು ಎತ್ತಲಿಲ್ಲ, ಒತ್ತಲೂ ಇಲ್ಲ.
'ಹಾಗಾದರೆ ಇಸವಿ ಕೆಳಗೆ ಹಾಕುವ, ಸಣ್ಣ ಅಕ್ಷರದಲ್ಲಿ.
ನಿಮಗೆ ಏನೆಲ್ಲ ಬರುತ್ತದೋ ಅದನ್ನು ಮೇಲೆ ಬರೆಯುವ.
ಏನು ಬರುತ್ತದೆ ನಿಮಗೆ?'

ಏನು ಬರುತ್ತದೆ.
ಹತ್ತನೇ ಕ್ಲಾಸಿನ ಗಣಿತ ಬರಲಿಲ್ಲ, ಅದು ಗೊತ್ತು.
ಚಿಲ್ಲರೆ ಬರುತ್ತದೆ. ರಾತ್ರಿಯ ಕೊನೆ ಟ್ರಿಪ್ಪಿನಲ್ಲಿ, ದೀಪ ಕೆಟ್ಟಾಗ,
ಉದ್ದಕ್ಕೆ ಮಡಚಿದ ನೋಟನ್ನು ಬೆರಳ ಸಂದಿಯಲ್ಲೇ ಸವರಿ
ಐವತ್ತು ಯಾವುದು, ಇಪ್ಪತ್ತು ಯಾವುದು ಹೇಳುವುದು ಬರುತ್ತದೆ.
'ನಗದು ನಿರ್ವಹಣೆ' ಎಂದು ಅವಳು ಹೊಡೆದಳು.

ಲೇಡಿಹಿಲ್‌ನಲ್ಲಿ ಒಮ್ಮೆಲೇ ಹತ್ತಿದ ಮೂವತ್ತು ಜನರಲ್ಲಿ
ಟಿಕೆಟು ತೆಗೆಯದವನು ಯಾರು?
ಅದು ಮುಖದಲ್ಲಿ ಇರುವುದಿಲ್ಲ,
ಕಿಟಕಿಯ ಆಚೆ ತಿರುಗಿದ ಕುತ್ತಿಗೆಯಲ್ಲಿ ಉಂಟು.
ಇದಕ್ಕೆ ಶಬ್ದ ಹುಡುಕಿ ಸೋತು
'ಸೂಕ್ಷ್ಮ ಅವಲೋಕನ' ಎಂದಳು. ಇರಲಿ.

ಭಾಷೆ?
ದುಂಬು ಪೋಲೆ. ಮುಕಾರ್ ವಚಾ. ಮುಂದೆ ಹೋಗಿ.
ಮಲಯಾಳ ನಡೆಯುತ್ತದೆ. ನಿಮ್ಮ ಬ್ಯಾರಿ ಭಾಷೆಯಲ್ಲಿ
ಬೈಗುಳವೊಂದು ಬಿಟ್ಟು ಎಲ್ಲ ಬರುತ್ತದೆ.
'ಅದೂ ಬರ್ತದೆ. ಕಾಲೇಜಿಗೆ ನಾನು ನಿಮ್ಮದೇ ಬಸ್ಸಿನಲ್ಲಿ ಹೋದದ್ದು'
ಎಂದಳು, ಕಣ್ಣೆತ್ತದೆ.
ಪಾಸು ಮರೆತ ದಿನ ಇವಳನ್ನು ಬಿಟ್ಟಿದ್ದೆನೋ, ಇಳಿಸಿದ್ದೆನೋ.
ಕೇಳಲಿಲ್ಲ. ಅವಳೂ ಹೇಳಲಿಲ್ಲ.
ಐದು ಭಾಷೆ, ಸಾಲಾಗಿ ಬಿದ್ದವು.

'ಮತ್ತೆ ಈ ಹದಿನಾಲ್ಕು ತಿಂಗಳು?'

ವಾರಕ್ಕೆ ಮೂರು ದಿನ ಸುಗಂಧಿಯ ಡಯಾಲಿಸಿಸ್.
ಯಾವ ಕೌಂಟರಿನ ಸೀಲು ಮೊದಲು ಬೇಕು,
ಯಾವ ಸಿಸ್ಟರಿಗೆ ಒಂದೇ ಚುಚ್ಚಿಗೆ ನರ ಸಿಗುತ್ತದೆ,
ಊರಿಂದ ಬಂದ ಮುದುಕರು ಯಾವ ತಿರುವಿನಲ್ಲಿ ದಾರಿ ತಪ್ಪುತ್ತಾರೆ.
ಎಲ್ಲ ಗೊತ್ತು. ಕೆಲಸ ಖಾಲಿ ಇರುವುದೂ ಅಲ್ಲಿಯೇ,
ಟೋಕನ್ ಕೊಡುವ ಕಿಟಕಿಯಲ್ಲಿ.

ಅದು ಬೇಡ, ಬರೆಯಬೇಡ, ಎಂದೆ.
ಮಿನುಗುವ ಗೀಟನ್ನು ಅವಳು ಮೆಲ್ಲ ಕೆಳಗಿಳಿಸಿದಳು,
ಮಲಗಿದವರನ್ನು ದಾಟಿ ಹೋಗುವ ಹಾಗೆ.

ಕಾಗದ ಬಿಸಿ ಬಿಸಿ ಹೊರಬಂತು.
ಅವಳು ಹತ್ತರ ನೋಟಿಗೆ ಡ್ರಾಯರು ತಡಕುವ ಮೊದಲೇ
ನನ್ನ ಐವತ್ತು ವಾಪಸು ಎಳೆದು ಸರಿಯಾಗಿ ನಲವತ್ತು ಇಟ್ಟೆ.

ಮನೆಗೆ ಕಾವೂರು ಬಸ್ಸು. ಮೊಣಕಾಲು ನೋವಿಗೆ
ಬಾಗಿಲ ಪಕ್ಕದ ಸೀಟು, ತೊಡೆಯ ಮೇಲೆ ಲಕೋಟೆ.
ಹೊಸ ಹುಡುಗ ಟಿಕೆಟು ಕೇಳಿದ. ಕೊಟ್ಟೆ.
ಲಾಲ್‌ಬಾಗಿನಲ್ಲಿ ಎಕ್ಸರೇ ಹಿಡಿದ ಒಬ್ಬರು ಇಳಿಯುತ್ತಿದ್ದರು,
ಹುಡುಗ ಮುಂದೆ ಎರಡು ರೂಪಾಯಿಗೆ ಜಗಳದಲ್ಲಿದ್ದ.
ಒಂದು ಕಾಲು ನೆಲಕ್ಕೆ. ಇನ್ನೊಂದು ಕಾಲು ನೆಲಕ್ಕೆ.
ನನ್ನ ಕೈ ಹೊರಗೆ ಹೋಗಿ
ತಗಡಿಗೆ ಎರಡು ಸಲ ಬಡಿಯಿತು.

ಬಸ್ಸು ಹೊರಟಿತು.
ಯಾರು ಬಡಿದದ್ದು ಎಂದು ಹುಡುಗ ತಿರುಗಿ ನೋಡಿದ.
ನಾನು ಕಿಟಕಿಯ ಆಚೆ ನೋಡುತ್ತಿದ್ದೆ.