ಹದಿನೇಳನೆಯ ಚೌಕ

ಅಕ್ಟೋಬರ್ ಕೊನೆ. ಸೋಯಾ ಕೊಯ್ದು ಮುಗಿದಿದೆ,
ನೆಲ ಇನ್ನೂ ಹೆಪ್ಪುಗಟ್ಟಿಲ್ಲ.
ಈ ಎರಡರ ನಡುವೆ ನನಗಿರುವುದು ಹದಿನೆಂಟು ದಿನ,
ಎರಡು ಸೀಟಿನ ಪುಟ್ಟ ಬಂಡಿ, ಉಕ್ಕಿನ ಕೊಳವೆ,
ಹಿಡಿ ಮುರಿದ ಪ್ಲಾಸ್ಟಿಕ್ ಬಕೆಟ್ಟು.

ಮಿನೆಸೋಟದ ಈ ಬಯಲು ಎಷ್ಟು ಚಪ್ಪಟೆಯೆಂದರೆ
ಬಿದ್ದ ಚೆಂಡು ಎತ್ತ ಉರುಳಲೆಂದು ಯೋಚಿಸುತ್ತದೆ.
ಒಂದು ಕಾಲಕ್ಕೆ ಹಿಮ ಕರಗಿ ನಿಂತ ಮಹಾಕೆರೆಯ ತಳ;
ಕೆರೆ ಹೋಯಿತೆಂದು ಮಣ್ಣಿಗಿನ್ನೂ ಪೂರ್ತಿ ನಂಬಿಕೆಯಿಲ್ಲ,
ನಾಲ್ಕು ಹನಿ ಬಿದ್ದರೆ ಸಾಕು, ಕಾದು ಕೂರುತ್ತದೆ.

ಡೆಲ್ಮರ್ ಸ್ಕೋಗನ್‌ನ ನೂರರವತ್ತು ಎಕರೆಯನ್ನು
ಪರದೆಯ ಮೇಲೆ ಚೌಕ ಚೌಕವಾಗಿ ಕತ್ತರಿಸಿದ್ದೇನೆ,
ಎರಡೂವರೆ ಎಕರೆಗೊಂದು. ಒಟ್ಟು ಅರವತ್ತನಾಲ್ಕು.
ಪ್ರತಿ ಚೌಕದಲ್ಲಿ ಎಂಟು ಕಡೆ ಅರ್ಧ ಅಡಿ ಚುಚ್ಚಿ
ಮಣ್ಣಿನ ಬತ್ತಿಗಳನ್ನು ಬಕೆಟ್ಟಿಗೆ ಉದುರಿಸಿ
ಕೈಯಲ್ಲೇ ಹೊಸಕಿ, ಬೆರೆಸಿ,
ಕಾಗದದ ಚೀಲಕ್ಕೆ ಹಾಕಿ ನಂಬರು ಬರೆಯುವುದು.
ಹೆಸರು ಗಿಸರು ಬೇಡ. ಪ್ರಯೋಗಾಲಯಕ್ಕೆ ನಂಬರು ಸಾಕು.

ಪಕ್ಕದ ಸೀಟಿನಲ್ಲಿ ಹಳೆಯ ಸರ್ವೆ ನಕ್ಷೆ.
ವಿಮಾನದಿಂದ ತೆಗೆದ ಕಪ್ಪುಬಿಳುಪು ಚಿತ್ರದ ಮೇಲೆ
ಐವತ್ತು ವರ್ಷದ ಹಿಂದೆ ಯಾರೋ ಒಬ್ಬ ನಡೆದೂ ನಡೆದೂ
ಎಳೆದ ಗೆರೆಗಳು. ಇಲ್ಲಿಯವರೆಗೆ ಜೇಡಿ, ಅಲ್ಲಿಂದ ಗೋಡು.
ಒಂದು ಕಡೆ ಗೆರೆ ಸಣ್ಣಗೆ ನಡುಗಿದೆ:
ಸೊಳ್ಳೆ ಕಚ್ಚಿತೋ, ಅವನಿಗೇ ಅನುಮಾನ ಬಂತೋ.
ಆ ನಡುಕದ ಮೇಲೆ ನನಗೆ ಭರವಸೆ ಹೆಚ್ಚು.

ವರದಿ ಬಂತು.
ರಂಜಕ: ಹನ್ನೊಂದು, ಒಂಬತ್ತು, ಹದಿಮೂರು, ಹನ್ನೆರಡು.
ಹದಿನೇಳನೆಯ ಚೌಕ: ತೊಂಬತ್ತಾರು.
"ಬಕೆಟ್ಟು ತೊಳೆದಿರಲಿಲ್ಲ ನೀನು" ಎಂದ ಡೆಲ್ಮರ್.
ತೊಳೆದಿದ್ದೆ. ಆದರೂ ಮರುದಿನ ಹೋಗಿ
ಎಂಟರ ಬದಲು ಇಪ್ಪತ್ತು ಕಡೆ ಚುಚ್ಚಿದೆ.
ಅದೇ ಕಪ್ಪು, ಅದೇ ಅಂಟು, ಅದೇ ತಣ್ಣನೆಯ ವಾಸನೆ.
ತೊಂಬತ್ತೇಳು.
ನಕ್ಷೆಯವನ ಗೆರೆ ಅಲ್ಲಿ ಏನೂ ಅರಿಯದಂತೆ
ನೇರ ಹಾದುಹೋಗಿತ್ತು.

ಡೆಲ್ಮರನ ಸೋದರತ್ತೆ ಮಾರ್ಲಿಸ್‌ಗೆ ಎಂಬತ್ತೊಂಬತ್ತು.
ಬಣ್ಣದ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಾಗ
ಮೊದಲು ಅದರ ಮೇಲೆ ಕಾಫಿ ಲೋಟ ಇಟ್ಟಳು,
ಆಮೇಲೆ ಕನ್ನಡಕ ಹುಡುಕಿದಳು.
ಹಳದಿಯ ನಡುವೆ ಒಂದೇ ಒಂದು ಕೆಂಪು ಚೌಕ.
"ಓ, ಇದಾ" ಎಂದಳು.
"ಕೊಟ್ಟಿಗೆ."

ಮನೆಯೂ ಇತ್ತಂತೆ ಅಲ್ಲಿ. ಐವತ್ತೆರಡರ ಚಳಿಗಾಲ
ಗಟ್ಟಿ ಹಿಮದ ಮೇಲೆ ತೊಲೆ ಜೋಡಿಸಿ
ಇಡೀ ಮನೆಯನ್ನೇ ಟ್ರ್ಯಾಕ್ಟರಿಗೆ ಕಟ್ಟಿ ಊರಿಗೆ ಎಳೆದೊಯ್ದರಂತೆ;
ಒಲೆ ಆರಿಸಿರಲಿಲ್ಲ, ಹೋಗುತ್ತಾ ಹೋಗುತ್ತಾ ಹೊಗೆ ಬಿಡುತ್ತಿತ್ತು.
ಈಗದು ವಿಮೆ ಏಜೆಂಟನ ಆಫೀಸು.
ಕೊಟ್ಟಿಗೆ ಸುಟ್ಟರು. ಬಾವಿ ಮುಚ್ಚಿದರು. ಉತ್ತರು.
ಎಪ್ಪತ್ತು ವರ್ಷ ಉತ್ತರು.
ಸಗಣಿಯಲ್ಲಿದ್ದ ರಂಜಕ, ಹೂತ ಕರುವಿನ ಮೂಳೆಯಲ್ಲಿದ್ದ ರಂಜಕ,
ಗುಳೆ ಹೋಗುವ ಜಾತಿಯದಲ್ಲ.

"ಏಳು ಹಸು. ಸಂಜೆಯ ಪಾಳಿ ನನ್ನದು" ಎಂದು ಮಾರ್ಲಿಸ್
ಕಣ್ಣು ಮುಚ್ಚಿ, ಬೆರಳು ಮಡಿಸುತ್ತಾ,
ಹೆಸರು ಹಿಡಿದು ಕರೆದಳು:
ದಾಗ್ರೋಸ್. ಫಾಗರ್‌ಲಿನ್. ಸ್ಟ್ಯಾರ್ನಾ. ರೋಸ್‌ಲಿನ್.
ನಾಲ್ಕಕ್ಕೆ ನಿಂತಳು.
ಡೆಲ್ಮರ್ ಕಿಟಕಿಯಾಚೆ ನೋಡುತ್ತಿದ್ದ,
ಉಳಿಯುವ ಗೊಬ್ಬರದ ಲೆಕ್ಕ ಹಾಕುತ್ತಿದ್ದನೋ ಏನೋ.

ವಸಂತದಲ್ಲಿ ಗೊಬ್ಬರದ ಯಂತ್ರಕ್ಕೆ ನನ್ನ ನಕ್ಷೆ ತುಂಬಿಸಿದೆವು.
ಹದಿನೇಳನೆಯ ಚೌಕದ ಅಂಚಿಗೆ ಬಂದದ್ದೇ
ಅದರ ಬಾಯಿ ತಾನೇ ಮುಚ್ಚಿಕೊಂಡಿತು.
ಕಾಳು ಚಿಮ್ಮುವ ಸದ್ದು ನಿಂತು
ಎಂಜಿನ್ನಿನದಷ್ಟೇ ಉಳಿಯಿತು ಸ್ವಲ್ಪ ಹೊತ್ತು.
ಡೆಲ್ಮರ್ ಟೋಪಿ ತೆಗೆದು ತಲೆ ಕೆರೆದುಕೊಂಡ,
ಮತ್ತೆ ಹಾಕಿಕೊಂಡ.

ಮೊನ್ನೆ, ನಾಲ್ಕು ಬೆಳೆಯಾದ ಮೇಲೆ, ಮತ್ತೆ ಚುಚ್ಚಿದೆ.
ತೊಂಬತ್ತೊಂದು.
ಮೆಕ್ಕೆಜೋಳದ ಬೇರುಗಳು ಅವನ್ನು ಇನ್ನೂ ಕರೆಯುತ್ತಿವೆ,
ಹೆಸರು ಹಿಡಿಯದೆ, ಕತ್ತಲಲ್ಲಿ.
ಕೆಚ್ಚಲು ಬತ್ತಿಲ್ಲ.

ಮಾರ್ಲಿಸ್‌ಗೆ ಫೋನು ಮಾಡಿ ಅಂಕಿ ಹೇಳಿದೆ.
ಅವಳಿಗೆ ಅದು ಕೇಳಿಸಿತೋ ಇಲ್ಲವೋ.
"ಐದನೆಯದು ಲಿಟಾಗೋ" ಎಂದಳು ಆ ಕಡೆಯಿಂದ,
"ಒದೆಯುತ್ತಿತ್ತು."