ಚಿಲ್ಲರೆ

ಟಿಕೆಟ್ಟಿನ ಹಿಂದೆ ಗೀಚಿ ಕೊಡುತ್ತಿದ್ದೆ:
ನಾಲ್ಕು ರೂಪಾಯಿ ಬಾಕಿ, ಇಳಿಯುವಾಗ ಇಸ್ಕೊಳ್ಳಿ.
ಅರ್ಧ ಜನ ಮರೆತು ಇಳಿದುಬಿಡುತ್ತಿದ್ದರು
ಯಶವಂತಪುರದಲ್ಲೋ ಮೆಜೆಸ್ಟಿಕ್ಕಿನಲ್ಲೋ.
ನಾನೂ ಕೂಗಿ ಕರೆದವನಲ್ಲ, ಸುಳ್ಳೇಕೆ.

ಮೂವತ್ತಮೂರು ವರ್ಷ, ನಿಂತೇ ಪ್ರಯಾಣ.
ಈಗ ಎಡಗಾಲ ಮಂಡಿ
ಅದೇ ಹಳೇ ಟಿಕೆಟ್ಟು ಹಿಡಿದು
ಬೆಳಗಿನ ಜಾವ ಎಬ್ಬಿಸುತ್ತದೆ:
ಕಂಡಕ್ಟರೇ, ನನ್ನ ಚಿಲ್ಲರೆ?

ವ್ಯಾಯಾಮ ಮಾಡಿ ಯಜಮಾನರೇ, ಅಂದರು ಡಾಕ್ಟರಮ್ಮ.
ಮೂರು ದಿನ ಪಾರ್ಕಿಗೆ ಹೋದೆ.
ಅಲ್ಲಿ ಎಲ್ಲರ ಕೈಯಲ್ಲೂ ಹೆಜ್ಜೆ ಎಣಿಸುವ ಗಡಿಯಾರ.
ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವ ಬಸ್ಸು
ನನಗೆ ಎಂದೂ ಒಗ್ಗಿದ್ದಲ್ಲ.
ಎಲ್ಲಿಗೆ ಅಂತ ಒಂದು ಬೋರ್ಡಾದರೂ ಬೇಡವೇ?

ನಾಲ್ಕನೇ ದಿನ ಗಂಗರತ್ನ
ಮಾತಿಲ್ಲದೆ ಕೈಗೆ ಪೊರಕೆ ಕೊಟ್ಟಳು.
ಕಾಮಾಕ್ಷಿಪಾಳ್ಯದ ಮೂರನೇ ಮಹಡಿ,
ಒಂದು ಹಾಲು, ಒಂದು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು
ಹೊರಗೆ ಬರಬೇಕಾದ ಅಡುಗೆಮನೆ.
ಇಷ್ಟೇ ತಾನೆ, ಅಂದೆ. ಚಿಲ್ಲರೆ ಕೆಲಸ.

ಮಂಚದಡಿ ತೂರುವಷ್ಟರಲ್ಲಿ
ಬೆನ್ನಿನ ಒಂದೊಂದು ಮೂಳೆಯೂ
ತನ್ನ ಹೆಸರು ಹೇಳಿಕೊಂಡಿತು.
ಒದ್ದೆ ಬಟ್ಟೆ ಹಿಡಿದು ಕುಕ್ಕರುಗಾಲಲ್ಲಿ
ಒಲೆಯಿಂದ ಬಾಗಿಲತನಕ ಹಿಂದಹಿಂದಕ್ಕೆ ಸರಿದೆ,
ಡಿಪೋದಲ್ಲಿ ಬಸ್ಸಿನ ಹಿಂದೆ ನಿಂತು ಕೂಗುತ್ತಿದ್ದ ಹಾಗೆ
ನನಗೆ ನಾನೇ ಕೂಗಿಕೊಳ್ಳುತ್ತ:
ಬರ್ಲಿ, ಬರ್ಲಿ, ಲೆಫ್ಟು, ಬರ್ಲಿ, ಹೋಲ್ಡಾನ್!
ಹೊಸಿಲಿಗೆ ಸೊಂಟ ತಾಗಿತು.
ಅವಳು ನಗುತ್ತ ನಿಂತದ್ದಕ್ಕೆ ಹಾಲು ಉಕ್ಕಿ ಹರಿಯಿತು.
ಅದನ್ನೂ ನಾನೇ ಒರೆಸಿದೆ.

ಕಾವೇರಿ ನೀರು ದಿನ ಬಿಟ್ಟು ದಿನ, ಐದಕ್ಕೆ ಮೊದಲೇ.
ಕುಡಿಯುವುದಕ್ಕೆ ಕೆಳಗಿನ ನಲ್ಲಿಯಿಂದಲೇ ಹೊರಬೇಕು.
ಐವತ್ನಾಲ್ಕು ಮೆಟ್ಟಿಲು, ಎರಡು ಸ್ಟಾಪು.
ಮೊದಲನೆಯದು ಖಮರುನ್ನೀಸಾ ಅವರ ಪುದೀನ ಕುಂಡ,
ಎರಡನೆಯದು ಟೈಲರ್ ಅಂತೋಣಿಯ ಬಾಗಿಲು.
ಕೊಡ ಇಳಿಸಿ ಕೈ ಬದಲಿಸುತ್ತೇನೆ.
ಒಳಗಿಂದ ಅಂತೋಣಿ ಕೇಳುತ್ತಾನೆ: ಸೀಟಿದೆಯಾ ಸಾರ್?
ಇಲ್ಲಪ್ಪ, ಮುಂದಿನ ಗಾಡಿಗೆ ಬಾ.

ಡಿಸೆಂಬರಿನಲ್ಲಿ ಅವರೆಕಾಯಿ.
ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ
ಸಿಪ್ಪೆ ನನ್ನ ಕೈಯಲ್ಲಿ, ಬೇಳೆ ಎದುರಿನ ಗೋಡೆಯಲ್ಲಿ.
ಟಿಕೆಟ್ಟು ಹರಿದು ಹರಿದು ಮರಗಟ್ಟಿದ ಹೆಬ್ಬೆರಳು
ಮೊದಲ ವಾರ ಮುಷ್ಕರ ಹೂಡಿತ್ತು.
ಒಂದು ಸೇರು ಹಿತುಕಿದ ಮೇಲೆ
ಅಂಗಿಯ ಗುಂಡಿ ತಾನಾಗಿ ಹಾಕಿಕೊಂಡಿತು.

ಆ ರಾತ್ರಿ ಸಾರು ಬಡಿಸುತ್ತ
ಕೊಂಚ ಬೀಗುತ್ತಲೇ ಅಂದೆ:
ನೋಡು, ಡಾಕ್ಟರಮ್ಮನ ವ್ಯಾಯಾಮ ಎಲ್ಲ ಮನೆಯಲ್ಲೇ ಇದೆ.
ಅವಳು ಮುದ್ದೆ ಮುರಿಯುತ್ತಿದ್ದಳು.
ನಾನು ಮಾಡುವಾಗ ಇದಕ್ಕೆ ಏನಂತಿದ್ರಿ?

ಸಾರು ಆರಿತು.
ಅವಳ ಟಿಕೆಟ್ಟಿನ ಹಿಂದೆ
ಬಾಕಿ ಅಂತ ಕೂಡ ನಾನು ಬರೆದುಕೊಟ್ಟಿರಲಿಲ್ಲ.

ಎಲ್ಲ ದಿನವೂ ಒಂದೇ ಅಲ್ಲ.
ಚಳಿಯಲ್ಲಿ ಬಲಭುಜ ಏಳುವುದಿಲ್ಲ,
ಆಗ ಮೇಲಿನ ಗೂಡು ಅವಳಿಗೆ, ಕೆಳಗಿನದು ನನಗೆ.
ಅವಳ ಸೊಂಟ ಹಿಡಿದ ದಿನ ಅದಲು ಬದಲು.
ಇಬ್ಬರೂ ಕೆಟ್ಟು ನಿಂತ ದಿನ
ಧೂಳು ಇದ್ದಲ್ಲೇ ಇರುತ್ತದೆ, ಅದಕ್ಕೂ ರಜೆ.

ಇವತ್ತು ತಾರಸಿಯಲ್ಲಿ ದುಪ್ಪಟಿ ಹಿಂಡುತ್ತಿದ್ದೆವು.
ಈ ತುದಿ ನಾನು, ಆ ತುದಿ ಅವಳು,
ಒಬ್ಬರು ಬಲಕ್ಕೆ ಒಬ್ಬರು ಎಡಕ್ಕೆ,
ನಡುವೆ ಹಗ್ಗದಂತೆ ಹುರಿಗೊಂಡ ಬಟ್ಟೆ,
ಅರವತ್ತೆಂಟರ ತೋಳು, ಅರವತ್ತನಾಲ್ಕರ ತೋಳು,
ಎರಡೂ ಗಡಗಡ, ಎರಡೂ ಬಿಡವು.
ರೈಟ್, ಅಂದಳು. ರೈಟ್, ರೈಟ್.
ನನ್ನ ತುದಿ ಜಾರಿ ನೆಲಕ್ಕೆ ಬಿತ್ತು.

ಮತ್ತೆ ಜಾಲಿಸಬೇಕು. ತೊಟ್ಟಿ ಖಾಲಿ.
ನಾನು ಇಳಿಯುತ್ತೇನೆ, ಅಂದೆ.
ಅವಳು ಬೇಡ ಅನ್ನಲಿಲ್ಲ.